ಅಮಾವಾಸ್ಯೆಗೆ ಕರಿ ಬಣ್ಣ

ಆಯುಷ್ಯ ಮುಗಿಯದೆ ಸತ್ತವರು ಅಮಾವಾಸ್ಯೆಯ ಸಂಜೆ ಮನೆಗೆ ಬಂದು, ಒಂದು ಲೋಟ ನೀರು ಕುಡಿದು ಹೋಗುವುದು ಗದಗಿನ ಮನೆಮನೆಯಲ್ಲೂ ಇದ್ದದ್ದೇ. ಈರವ್ವನ ಗಂಡನೂ ಬರುತ್ತಿದ್ದ. ಅವನಿಗೆ ಇಂದಿಗೂ ಇಪ್ಪತ್ತೆಂಟೇ ವರ್ಷ. ಹೋದ ತಿಂಗಳು ಅವಳ ನರೆತ ತಲೆ ನೋಡಿ "ಯವ್ವಾ" ಎಂದು ಕರೆದುಬಿಟ್ಟಿದ್ದ.

ಅದಕ್ಕೇ ಈ ಬಣ್ಣ. ಹಚ್ಚಿಕೊಡಲೆಂದೇ ಗಂಡನ ಮನೆಯಿಂದ ಬಂದಿದ್ದ ಮಗಳು ಸುನಂದಾ ಗ್ಲೌಸ್ ಹಾಕಿಕೊಂಡು, ತಾಯಿಯ ಹಣೆಯಂಚಿಗೆ ವ್ಯಾಸಲೀನ್ ಸವರಿದಳು.

"ಮೊನ್ನೆ ಕಿವಿ ಹಿಂದ ಹಚ್ಚಿ ನೋಡಿದ್ದು ತುರಿಸಲಿಲ್ಲಲ್ಲ?"

"ಏನೂ ಆಗಿಲ್ಲ, ಹಚ್ಚು."

"ಕಂದು ಬಣ್ಣ ತಂದಿದ್ರ ನಿನ್ನ ವಯಸ್ಸಿಗೆ ಚಲೋ ಒಪ್ಪತಿತ್ತು."

"ನನ್ನ ವಯಸ್ಸಿಗಲ್ಲ, ಅವರ ವಯಸ್ಸಿಗೆ ಒಪ್ಪಬೇಕು."

ತಲೆ ತೊಳೆದು ಒರೆಸಿಕೊಳ್ಳುವಷ್ಟರಲ್ಲಿ ಅವನು ಬಾಗಿಲಲ್ಲಿ ನಿಂತಿದ್ದ. ಹೆಂಡತಿಯನ್ನು ಕಂಡು ಅವನ ಮುಖ ಅರಳಿತು.

"ಈರೀ, ಕೂಸು ಮಲಗೈತೇನು?"

ಈರವ್ವ ಮಗಳತ್ತ ನೋಡಲಿಲ್ಲ. "ಮಲಗೈತ್ರಿ," ಎಂದಳು.

ಅವನು ಒಳಗೆ ಬಂದ. ಬಣ್ಣದ ಬಟ್ಟಲು ಹಿಡಿದು ನಿಂತಿದ್ದ ಸುನಂದಾಳ ಬೈತಲೆಯ ಬಿಳಿ ಕೂದಲು ಅವನ ಕಣ್ಣಿಗೆ ಬಿತ್ತು.

"ಯವ್ವಾ, ನೀರು ಕೊಡು," ಎಂದ.

ಸುನಂದಾ ಗ್ಲೌಸ್ ಕಳಚಿಟ್ಟು, ಅಪ್ಪನಿಗೆ ನೀರು ತರಲು ಒಳಗೆ ಹೋದಳು.