ಎಲ್ಲದಕ್ಕೂ ಒಂದೇ ಹೆಸರು

“ಮುಂಜಾನಿಂದ ಒಂದು ಅಲಾರಂ ಸುದ್ದಾ ಬಡದಿಲ್ಲ ನೋಡ್ರಿ. ನಿಮ್ಮ ಕೈಗುಣ ಭಾರಿ ಅದ ಪಂಚಶೀಲಾ!” ಜಗತ್ ವೃತ್ತದ ಬಳಿಯ ಕಚೇರಿಯಲ್ಲಿ ಮುಖ್ಯಸ್ಥ ನಾಗಣ್ಣ ನಗುತ್ತ ಹೇಳಿದಾಗ, ಪಂಚಶೀಲಾಳ ಚಹಾದ ಲೋಟ ತುಟಿಯ ಬಳಿಯೇ ನಿಂತುಬಿಟ್ಟಿತು.

“ಒಂದೂ ಇಲ್ರೀ ಸರ್?”

ಹಲವು ಊರುಗಳ ಬಾಳೆ ಮಾಗಿಸುವ ಕೋಣೆಗಳನ್ನು ಈ ಕಚೇರಿಯ ಕಂಪ್ಯೂಟರು ಕಾಯುತ್ತಿತ್ತು. ಹಸಿ ಗೊನೆ ತುಂಬಿದ ಬೆಳಿಗ್ಗೆ ಒಂದಾದರೂ ಕೋಣೆ ಕೂಗಿಕೊಳ್ಳುವುದು ವಾಡಿಕೆ. ಯಂತ್ರಗಳು ಕಳಿಸುವ ವರದಿಯಲ್ಲಿ, ಮಾಗುವ ಕಾಯಿ ಬಿಡುವ ಉಸಿರುಗಟ್ಟಿಸುವ ಗಾಳಿಯ ಅಳತೆಗೆ ಒಂದು ಊರು ‘ಗಾಳಿ’ ಎಂದರೆ ಇನ್ನೊಂದು ‘ಹವಾ’, ಮತ್ತೊಂದು ‘ಗ್ಯಾಸ್’ ಎನ್ನುತ್ತಿತ್ತು. ಆ ಗೋಜಲಿಗೆ ರೋಸಿ, ನಿನ್ನೆ ಸಂಜೆ ಅವಳು ಎಲ್ಲದಕ್ಕೂ ‘ರೂಮ್_ಕಾರ್ಬನ್_ಲೆವೆಲ್’ ಎಂಬ ಒಂದೇ ಹೆಸರು ಇಟ್ಟಿದ್ದಳು. ಆ ಹೊಸ ಹೆಸರನ್ನು ಅಲಾರಮ್ಮಿಗೆ ತಿಳಿಸಿರಲಿಲ್ಲ. ಅದು ಹಳೆಯ ಹೆಸರುಗಳಿಗೇ ಕಿವಿಗೊಟ್ಟು ಕೂತಿತ್ತು.

ಪಟ್ಟಿಯ ಮೊದಲಿಗಿದ್ದ ಕಮಲಾಪುರದ ವರದಿಯನ್ನು ತೆರೆದಳು. ಅಳತೆ ಅಪಾಯದ ಗೆರೆ ದಾಟಿ ಏರುತ್ತಲೇ ಇತ್ತು. ಅಲ್ಲಿಯ ಕಾವಲುಗಾರನಿಗೆ ಫೋನು ಹಚ್ಚಿದಳು.

“ಮಲ್ಲಣ್ಣ, ಕೋಣಿ ಒಳಗ ಯಾರರೆ ಅದಾರೇನ್ರಿ?”

“ಭೀಮಬಾಯಿ ಗೊನಿ ನೋಡ್ಲಾಕ ಹೋಗ್ಯಾಳ್ರೀ ಮೇಡಂ. ಅಲಾರಂ ಬಡದಿಲ್ಲಲ್ರೀ, ಅದಕ್ಕೇ ಬಿಟ್ಟೀನಿ.”

“ಬಾಗಲಾ ತೆಗೀರಿ! ಫ್ಯಾನ್ ಹಚ್ಚರಿ, ಲಗೂನ!”

ಫೋನಿನಲ್ಲಿ ಓಡುವ ಕಾಲ್ಸಪ್ಪಳ. ಅಗುಳಿಯ ಸದ್ದು. ಫ್ಯಾನಿನ ಮೊರೆತ. “ಭೀಮಬಾಯಿ!” ಎಂಬ ಕೂಗಿಗೆ ಉತ್ತರವಿಲ್ಲ. ಪಂಚಶೀಲಾ ಮೇಜಿನ ಅಂಚನ್ನು ಬಿಗಿಹಿಡಿದಳು. ಕೊನೆಗೊಂದು ಒಣ ಕೆಮ್ಮು, ಅದರ ಬೆನ್ನಿಗೇ ತೊದಲುವ ಬೈಗುಳ: “ಬಿಡೋ ಮಲ್ಯಾ... ರಟ್ಟಿ ಮುರೀತಿ ಏನು?”

ಹೊಸ ಹೆಸರು ಅಲಾರಮ್ಮಿಗೆ ತಿಳಿದಿಲ್ಲವೆಂದು ಅವಳು ಹೇಳಿದಾಗ ನಾಗಣ್ಣ ಕರವಸ್ತ್ರದಿಂದ ಮುಖ ಒರೆಸಿಕೊಂಡ. “ಜೀವ ಉಳೀತು. ಕಮಲಾಪುರಕ್ಕ ಹಳೇ ಹೆಸರೇ ಇರ್ಲಿ ಬಿಡ್ರಿ.”

“ನಾ ಕಮಲಾಪುರದ್ದಷ್ಟೇ ಬದಲ ಮಾಡಿಲ್ರೀ ಸರ್.”

ಇಬ್ಬರೂ ಏಕಕಾಲಕ್ಕೆ ತಲೆಯೆತ್ತಿದರು. ಗೋಡೆಯ ಪರದೆಯ ಮೇಲೆ ಉಳಿದ ಊರುಗಳ ಕೋಣೆಗಳು, ಒಂದರ ಕೆಳಗೊಂದು, ಎಲ್ಲವೂ ಕ್ಷೇಮವೆಂಬಂತೆ ಹಚ್ಚಹಸಿರಾಗಿ ಹೊಳೆಯುತ್ತಿದ್ದವು.