ಟ್ಯಾಂಕಿನ ತುಕ್ಕು

ಮೆಟ್ಟಿಲಿಳಿಯುತ್ತಿದ್ದ ಬಾಡಿಗೆಮನೆಯ ವಿಶಾಲಾಕ್ಷಿ, ಮನೆ ಓನರ್ ರಾಯರು ಫೋನಿನಲ್ಲಿ ಆಡಿದ ಮಾತು ಕೇಳಿ ಅಲ್ಲೇ ನಿಂತುಬಿಟ್ಟಳು.

"ಟ್ಯಾಂಕಿಗೆ ತುಕ್ಕು ಹಿಡಿಸಿದ್ದಾಯ್ತು ಕಣಯ್ಯಾ! ತಳಕ್ಕೆ ಒಂದಿಷ್ಟು ಕೆಸರು ಮೆತ್ತಿಬಿಟ್ರೆ ಮುಗೀತು."

ಅದೇ ಟ್ಯಾಂಕಿನ ನೀರಿನ ಕಾಫಿ ಇನ್ನೂ ಅವಳ ಹೊಟ್ಟೆಯಲ್ಲಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ನುಗ್ಗಿದಳು.

"ಏನ್ ರಾಯರೇ, ಬಾಡಿಗೆಯವರು ಮನುಷ್ಯರಲ್ವಾ? ಟ್ಯಾಂಕಿಗೆ ತುಕ್ಕು ಹಿಡಿಸ್ತೀರಾ? ಕೆಸರು ಬೇರೆ ಮೆತ್ತುತೀರಾ?"

ರಾಯರು ಮೊದಲು ಕಣ್ಣು ಕಣ್ಣು ಬಿಟ್ಟರು, ಆಮೇಲೆ ಬಿದ್ದು ಬಿದ್ದು ನಕ್ಕರು. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಪುಟ್ಟ ಯುದ್ಧದ ಟ್ಯಾಂಕೊಂದು ಕೂತಿತ್ತು.

"ಈ ಟ್ಯಾಂಕಮ್ಮಾ! ರಣರಂಗದಿಂದ ಈಗ ತಾನೇ ಬಂದ ಹಾಗೆ ಕಾಣ್ಲಿ ಅಂತ ಬಣ್ಣದಲ್ಲೇ ತುಕ್ಕು, ಕೆಸರು ಎಲ್ಲಾ ಬಳೀತೀನಿ."

ವಿಶಾಲಾಕ್ಷಿಗೆ ಹೋದ ಜೀವ ಬಂದಂತಾಯಿತು. ನಾಚಿಕೆ ಮುಚ್ಚಿಕೊಳ್ಳಲು ಬಗ್ಗಿ ನೋಡಿ ಹೊಗಳಿದಳು. "ಅಬ್ಬಾ, ತುಕ್ಕು ಥೇಟ್ ನಿಜದ ಹಾಗೇ ಇದೆ! ಅಂಚಿನಲ್ಲಿ ಪಾಚಿ ಬೇರೆ! ಹೆಂಗ್ ಬಂತು ರಾಯರೇ ಈ ಕೈಚಳಕ?"

"ನನ್ನದೇನಿಲ್ಲ ತಾಯಿ," ರಾಯರು ಕುಂಚ ಒರೆಸುತ್ತ ಅಂದರು. "ಮೇಲಿರೋ ನಿಮ್ಮ ನೀರಿನ ಟ್ಯಾಂಕಿನ ಮುಚ್ಚಳ ತೆಗೆದಿಟ್ಟು, ಒಳಗೆ ನೋಡ್ಕೊಂಡೇ ಬಳಿದಿದ್ದು."