ಕದಿರಮ್ಮನ ಎದೆಯ ಫೋಟೋ

"ಚೀಟಿ ಅದಲುಬದಲು ಮಾಡಿದ್ದೀರಿ!" ಕಲ್ಕತ್ತೆಯ ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದಿದ್ದ ಎರಡು ಎಕ್ಸ್‌ರೇ ಫೋಟೋಗಳನ್ನೂ ಹಾಜರಿ ಗುಮಾಸ್ತ ಕೋದಂಡಪ್ಪನ ಮೂಗಿನ ತನಕ ತಂದರು. "ಇದು ಗಂಡನದು. ಎದೆ ತುಂಬ ಕಲ್ಲಿನ ಧೂಳು. ಇದಕ್ಕೆ ಹೆಂಡತಿಯ ಹೆಸರು ಅಂಟಿಸಿದ್ದೀರಿ. ಸ್ವಚ್ಛವಾಗಿರುವುದಕ್ಕೆ ಗಂಡನ ಹೆಸರು!"

ಮಾತು ಇಂಗ್ಲಿಷಿನಲ್ಲಿತ್ತು. ಎದುರಿನ ಬೆಂಚಿನ ತುದಿಯಲ್ಲಿ ಕೂತಿದ್ದ ಹೆಂಡತಿ ಕದಿರಮ್ಮ, ಬೈಸಿಕೊಳ್ಳುತ್ತಿರುವುದು ತಾನಲ್ಲ ಎಂಬಷ್ಟನ್ನು ಅರ್ಥಮಾಡಿಕೊಂಡು ನೆಮ್ಮದಿಯಾಗಿ ಕೆಮ್ಮಿದಳು.

ಚಿನ್ನದ ಗಣಿಯ ಧೂಳು ಮನುಷ್ಯನ ಎದೆಗೆ ಏನು ಮಾಡುತ್ತದೆ ಎಂಬುದು ಡಾಕ್ಟರ ಸಂಶೋಧನೆ. ಹೋಲಿಸಿ ನೋಡಲು ಗಣಿಗೆ ಇಳಿಯದವರ ಎದೆಯೂ ಬೇಕಿತ್ತು. ಇಳಿಯುವ ಗಂಡಸರಿಗೆ ಹುಕುಂ ಆಗಿತ್ತು, ಬಂದು ನಿಂತರು. ಗಣಿಯವರ ಮನೆಸಾಲುಗಳಾದ ಉರಿಗಾಂ ಲೈನುಗಳ ಹೆಂಗಸರು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಮೈಯೊಳಗೆ ನೋಡುವ ಯಂತ್ರವೆಂದರೆ ನುಂಗಿದ ಚಿನ್ನ ಹುಡುಕುವುದಕ್ಕೇ ಎಂದು ಅವರಿಗೆ ಖಾತ್ರಿಯಾಗಿತ್ತು. ಪಾಳಿ ಬಿಟ್ಟಾಗಲೆಲ್ಲ ಗಂಡಂದಿರು ಬಾಯಿ, ಕಂಕುಳು, ತಲೆಗೂದಲು ತಡಕಿಸಿಕೊಂಡು ಮನೆಗೆ ಬರುವ ಊರಿನಲ್ಲಿ ಬೇರೇನು ಅಂದುಕೊಂಡಾರು? ಗಣಿಯ ಸಾಹೇಬರಿಗೂ ಅದೇ ಆಸೆ ಇತ್ತೋ ಏನೋ, ಬಾಗಿಲಲ್ಲಿ ಕಾವಲಿನ ಜಮಾದಾರನೊಬ್ಬನನ್ನು ನಿಲ್ಲಿಸಿದ್ದರು. ಅವನಿಗೆ ಇಂಗ್ಲಿಷ್ ಬಾರದು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕಳ್ಳರನ್ನು ಹಿಡಿಯುತ್ತಿದ್ದ.

"ನಾನೇನ್ ನುಂಗಿದ್ದೀನಾ? ನಡಿ, ಬತ್ತೀನಿ" ಎಂದು ಹೊರಟವಳು ಕದಿರಮ್ಮ ಒಬ್ಬಳೇ.

"ಚೀಟಿ ಸರಿಯಾಗಿಯೇ ಇದೆ, ಸಾರ್," ಎಂದ ಕೋದಂಡಪ್ಪ. "ಇಲ್ಲಿ ನೋಡಿ." ಧೂಳು ತುಂಬಿದ ಫೋಟೋದಲ್ಲಿ ಪಕ್ಕೆಲುಬುಗಳ ನಡುವೆ ದುಂಡನೆಯ ಎರಡು ಗುರುತುಗಳಿದ್ದವು. ಮೈಮೇಲಿನ ಲೋಹ ತೆಗೆಯಬೇಕು ಎಂದಾಗ ಕದಿರಮ್ಮ ಓಲೆ ಬಿಚ್ಚಿದ್ದಳು, ಮೂಗುತಿ ಬಿಚ್ಚಿದ್ದಳು. ಗಂಡ ಕಲ್ಲುಗುಂಡಿನಂಗಿರೋವಾಗ ತಾಳಿಬೊಟ್ಟು ಯಾಕೆ ತೆಗೀಲಿ ಎಂದು ಜಗಳಕ್ಕೇ ನಿಂತು ಅದನ್ನು ಕೊರಳಲ್ಲೇ ಉಳಿಸಿಕೊಂಡಿದ್ದಳು.

ಡಾಕ್ಟರು ತಾಳಿಯ ಗುರುತನ್ನು ನೋಡಿದರು, ಅದರ ಸುತ್ತ ಸುಣ್ಣ ಎರಚಿದ ಹಾಗಿದ್ದ ಬಿಳಿ ಚುಕ್ಕಿಗಳನ್ನು ನೋಡಿದರು, ಕುರ್ಚಿಗಾಗಿ ಹಿಂದೆ ಕೈ ಚಾಚಿದರು.

"ಹಾಗಾದರೆ ಈಕೆ ಉಳಿಯುವುದಿಲ್ಲ," ಎಂದರು ಮೆಲ್ಲಗೆ. "ಗಣಿಯೊಳಗೆ ಕಾಲಿಡದ ಹೆಂಗಸು! ಎಲ್ಲಿಂದ ಬಂತು ಇಷ್ಟು ಕಲ್ಲು? ಮನೆಯಲ್ಲಿ ಏನು ಮಾಡುತ್ತಾಳೆ, ಏನು ಬೀಸುತ್ತಾಳೆ, ಏನು ಕುಟ್ಟುತ್ತಾಳೆ, ಎಲ್ಲ ಕೇಳಿ."

ಕೋದಂಡಪ್ಪ ಕೇಳಬೇಕಾಗಿರಲಿಲ್ಲ. ಅವನ ಮನೆಗೂ ಅವಳ ಮನೆಗೂ ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ. ದಿನಾ ಮಧ್ಯಾಹ್ನ ಆಚೆ ಕಡೆ ಬಾಗಿಲು ಹಾಕಿದ ಸದ್ದು, ಆಮೇಲೆ ಕಬ್ಬಿಣದ ಒನಕೆಯ ಸದ್ದು. ಅಂಗಡಿಯಿಂದ ಅಕ್ಕಿ ತರುವ ಮನೆಯಲ್ಲಿ ಒನಕೆಗೇನು ಕೆಲಸ ಎಂದು ಲೈನಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಅವಳ ಗಂಡ ಆಂಜಿನಪ್ಪ ಜಮಾದಾರರ ಹತ್ತು ಬೆರಳುಗಳನ್ನೂ ದಾಟಿಸಿ ತರುತ್ತಿದ್ದ ಚಿನ್ನದ ಕಲ್ಲಿನ ಚೂರು ಪುಡಿಯಾಗುವುದು ಹಾಗೆ ಎಂದು ಎಲ್ಲರಿಗೂ ಗೊತ್ತಿತ್ತು. ಸಿಕ್ಕಿಬಿದ್ದರೆ ಜೈಲು ಎಂಬುದೂ ಗೊತ್ತಿತ್ತು. ಮುಚ್ಚಿದ ಬಾಗಿಲಿನೊಳಗೆ ಆ ಪುಡಿ ಇನ್ನೆಲ್ಲಿಗೆ ಹೋಗುತ್ತದೆ ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಕೋದಂಡಪ್ಪ ಅವಳ ಕಡೆ ತಿರುಗಿದ.

"ಮನೇಲಿ ಏನ್ ಕುಟ್ತೀಯಮ್ಮ ಅಂತ ಕೇಳ್ತಾವ್ರೆ ಡಾಕ್ಟ್ರು."

ಬಾಗಿಲಿಗೆ ಒರಗಿದ್ದ ಜಮಾದಾರ ನೆಟ್ಟಗೆ ನಿಂತ.

"ಬತ್ತ," ಎಂದಳು ಕದಿರಮ್ಮ, ಕಣ್ಣು ಮಿಟುಕಿಸದೆ. "ಬಂಗಾರಪೇಟೆ ತಾವ ನಮ್ಮಪ್ಪನ ಊರು, ಅಲ್ಲಿಂದ ಕಳಿಸ್ತಾರೆ. ಪಕ್ಕದ ಮನ್ಯಾಗೇ ಇದ್ದೀಯಲ್ಲಣ್ಣ, ನಿಂಗೆ ಕೇಳ್ಸಾಕಿಲ್ವಾ?"

"ಹೌದೇನು ಗುಮಾಸ್ತರೇ?" ಎಂದ ಜಮಾದಾರ.

"ಬತ್ತಾನೇ," ಎಂದ ಕೋದಂಡಪ್ಪ.

ಇಂಗ್ಲಿಷಿನಲ್ಲಾದರೂ ನಿಜ ಹೇಳಬಹುದಿತ್ತು. ಆದರೆ ಡಾಕ್ಟರಿಗೆ ಹೇಳಿದ್ದು ವರದಿಗೆ ಹೋಗುತ್ತದೆ, ವರದಿ ಸಾಹೇಬರ ಮೇಜಿಗೆ, ಆಂಜಿನಪ್ಪ ಜೈಲಿಗೆ. "ಭತ್ತವಂತೆ ಸಾರ್," ಎಂದ.

"ಭತ್ತ ಎಷ್ಟಾದರೂ ಕುಟ್ಟಲಿ, ಅದರಿಂದ ಇದು ಬರುವುದಿಲ್ಲ," ಎಂದು ಡಾಕ್ಟರು ತಲೆ ಹಿಡಿದುಕೊಂಡರು. ಗಾಳಿಯೋ, ನೀರೋ, ಗಂಡನ ಬಟ್ಟೆಯೋ ಎಂದು ಅವರೊಳಗೆ ಆಗಲೇ ಹೊಸ ಸಂಶೋಧನೆಯೊಂದು ಕಣ್ಣು ಬಿಡುತ್ತಿತ್ತು.

"ಏನಂದ್ರಣ್ಣ?"

"ಕುಟ್ಟಬೌದಂತೆ," ಎಂದ ಕೋದಂಡಪ್ಪ. ಜಮಾದಾರ ಮತ್ತೆ ಬಾಗಿಲಿಗೆ ಒರಗಿದ.

ಇಬ್ಬರೂ ಮನೆಯ ಕಡೆ ಹೊರಟು ಲೈನಿನ ತಿರುವು ದಾಟಿದ ಮೇಲೆ ಕೋದಂಡಪ್ಪ ಅತ್ತಿತ್ತ ನೋಡಿ ನಿಂತ. "ಕುಟ್ಟಬೇಡ ಕದಿರಮ್ಮ. ನಿನ್ನೆದೆ ತುಂಬ ಆ ಕಲ್ಲಿನ ಪುಡಿ ಐತೆ. ಓಗೋದಲ್ಲ ಅದು, ಔಸ್ತಿ ಇಲ್ಲ ಅದಕ್ಕೆ. ಉಳಿಯಾಕಿಲ್ಲ ಅಂದ್ರು."

ಅವಳು ಸೆರಗಿನ ಮೇಲಿಂದಲೇ ಎದೆ ಮುಟ್ಟಿ ನೋಡಿಕೊಂಡಳು, ಅಲ್ಲೇನೋ ಕೈಗೆ ಸಿಕ್ಕೀತು ಎಂಬಂತೆ. ಆಮೇಲೆ ಕೇಳಿದಳು: "ಅವ್ರದು?"

"ಆಂಜಿನಪ್ಪಂದು ನೆಟ್ಟಗೈತೆ. ಒಂದ್ ಚುಕ್ಕಿ ಇಲ್ಲ."

"ದಿನಾ ಗಣಿಯೊಳಿಕ್ಕೆ ಇಳಿಯೋ ಅವ್ರದು ನೆಟ್ಟಗೈತೆ. ಮನೇಲಿರೋ ನಂದು ಓಯ್ತು."

"ಹೂಂ ಕಣಮ್ಮ."

ಕದಿರಮ್ಮ ಕೆಮ್ಮಿ, ಉಗುಳಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅಂಗಾದ್ರೆ ಅವ್ರಿಗೆ ಯೋಳಣ್ಣ," ಎಂದಳು. "ನಾಳಿಂದ ಬಾಗ್ಲಾಕ್ಕೊಂಡು ಅವ್ರೇ ಕುಟ್ಲಿ. ನಾನು ಗಣಿಗಿಳೀತೀನಿ."